ಒಂದು ಮೂಳೆ ಕೆಳಗೆ

ಆಸ್ಪತ್ರೆಯ ನರ್ಸುಗಳು ಈ ಮಕ್ಕಳ ವೈದ್ಯೆಗೆ ಇಟ್ಟಿದ್ದ ಹೆಸರು ಬುಗುರಿ. ಅವರು ಕೂತು ಚಹಾ ಕುಡಿದದ್ದನ್ನು ಕಂಡವರಿಲ್ಲ. ಲೋಟ ಒಂದು ವಾರ್ಡಿನಲ್ಲಿ, ಅವರು ಇನ್ನೊಂದರಲ್ಲಿ. ಎಳೆಯ ಮಕ್ಕಳ ಬೆನ್ನುಮೂಳೆಗೆ ಬರುವ ಅಪರೂಪದ ಕಾಯಿಲೆಗಳನ್ನು ನೋಡುತ್ತಲೇ ಅವರ ತಲೆ ನರೆತಿತ್ತು. ಪರೀಕ್ಷೆ ಶುರುವಾಗುತ್ತಿದ್ದದ್ದು ನೆಲಕ್ಕೆ ಬೀಳಿಸಿದ ಬಣ್ಣದ ಬಳಪದಿಂದ. ಬೆನ್ನು ನೋಯುವ ಮಗು ಅದಕ್ಕೆ ಬಾಗುವುದಿಲ್ಲ. ಬೆನ್ನನ್ನು ನೆಟ್ಟಗಿಟ್ಟುಕೊಂಡೇ ಮಂಡಿ ಮಡಿಸಿ ಕೂರುತ್ತದೆ.

ಮೂರು ವರ್ಷದ ಹುಡುಗಿಯೊಬ್ಬಳು ಹಾಗೆಯೇ ಕೂತಳು.

"ಬರೀ ಹಟ ಡಾಕ್ಟ್ರೇ, ಅವರಪ್ಪನ ಪಡಿಯಚ್ಚು," ಎಂದರು ಜೊತೆಗೆ ಬಂದಿದ್ದ ಅಜ್ಜಿ.

ಸ್ಕ್ಯಾನಿನಲ್ಲಿ ಸೊಂಟದ ಮೂರನೆಯ ಮೂಳೆಯೊಳಗೆ ಕಲೆ ಕಂಡಿತು. ಕ್ಷಯವೋ, ಕ್ಯಾನ್ಸರೋ, ಬೇರೇನೋ ಎಂದು ತಿಳಿಯಲು ಸೂಜಿ ಹಾಕಿ ಮೂಳೆಯ ಚೂರು ತೆಗೆದರು. ಮೂಳೆ ಆರೋಗ್ಯವಾಗಿದೆಯೆಂದು ವರದಿ ಬಂತು. ಬಸ್ ಓಡಿಸುತ್ತಿದ್ದ ತಂದೆ ಇಡೀ ವಾರ್ಡಿಗೆ ಬಿಸ್ಕತ್ತು ಹಂಚಿದರು.

ಬುಗುರಿಗೆ ಮಾತ್ರ ಸಮಾಧಾನವಿಲ್ಲ. ಮಗು ಇನ್ನೂ ಬಾಗುತ್ತಿರಲಿಲ್ಲ. ಊಟ ಬಿಟ್ಟು, ಸ್ಕ್ಯಾನನ್ನೂ ಸೂಜಿ ಹಾಕುವಾಗಿನ ಎಕ್ಸರೇಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಸ್ಕ್ಯಾನ್ ಓದಿದವರು ಕುತ್ತಿಗೆಯಿಂದ ಕೆಳಕ್ಕೆ ಎಣಿಸಿದ್ದರು. ಸೂಜಿ ಹಾಕುವಾಗ ಬುಗುರಿ ತಾವೇ, ಸೊಂಟದಲ್ಲಿ ಎಲ್ಲರಿಗಿರುವಂತೆ ಐದು ಮೂಳೆಗಳೆಂದುಕೊಂಡು, ಕೆಳಗಿಂದ ಮೇಲಕ್ಕೆ ಎಣಿಸಿದ್ದರು. ಈ ಮಗುವಿಗೆ ಇದ್ದದ್ದು ಆರು. ಸೂಜಿ ಹೊಕ್ಕದ್ದು ಕಲೆಯ ಮೂಳೆಗಲ್ಲ, ಅದರ ಕೆಳಗಿನದಕ್ಕೆ.

ಅಂದೇ ತಂದೆಯನ್ನು ಕರೆಸಿ ಹೇಳಿದರು.

"ಇನ್ನೊಂದ್ಸಲ ಚುಚ್ಚಬೇಕಾ? ನನ್ನ ಮಗಳೇನು ಸೂಜಿ ಸಿಕ್ಕಿಸೋ ದಿಂಬಾ?" ಕಾರಿಡಾರಿನ ಕೊನೆಯವರೆಗೂ ದನಿ ಕೇಳಿತು.

"ತಪ್ಪು ನಮ್ದೇ. ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಹೀಗೇ ಮನೆಗೆ ಕರ್ಕೊಂಡು ಹೋಗ್ಬೇಡಿ. ಆ ಮೂಳೆ ಕುಸಿದು ನರ ಒತ್ತಿದ್ರೆ ಕಾಲಿನ ಬಲಾನೇ ಹೋಗ್ಬಹುದು."

"ಈ ಸಲ ಎಣಿಸೋರು ಯಾರು?"

"ನಾನೂ, ಸ್ಕ್ಯಾನ್ ಓದಿದೋರೂ. ಒಟ್ಟಿಗೆ ನಿಂತು."

ಅಜ್ಜಿ ಮಗನ ತೋಳು ಹಿಡಿದರು. "ನೀನು ಯಾವತ್ತೂ ಬಸ್ಸನ್ನ ಒಂದು ಸ್ಟಾಪ್ ಮುಂದೆ ನಿಲ್ಸಿಲ್ವೇನೋ? ಸಹಿ ಹಾಕು, ನಡಿ."

"ನೀನು ಸುಮ್ನಿರಮ್ಮ," ಎಂದರು ಅವರು. ಸಹಿಯನ್ನೇನೋ ಹಾಕಿದರು.

ಎರಡನೆಯ ಸಲ ತೆಗೆದ ಚೂರಿನ ವರದಿ ಬರುವವರೆಗೆ ವೈದ್ಯೆ ಲ್ಯಾಬಿನ ಬಾಗಿಲಲ್ಲೇ ಸುತ್ತಿದರು. "ಮೇಡಂ, ನೀವು ಓಡಾಡಿದ್ರೆ ನಮ್ಮ ಕೆಲಸ ಓಡಲ್ಲ," ಎಂದು ಲ್ಯಾಬಿನವನು ರೇಗಿದ. ಈ ಸಲದ ಚೂರಿನಲ್ಲಿ ಕಾಯಿಲೆ ಸಿಕ್ಕಿತು. ಕ್ಷಯವಲ್ಲ, ಹೆದರಿದ್ದ ಕ್ಯಾನ್ಸರೂ ಅಲ್ಲ. ಮೂಳೆಯನ್ನು ಒಳಗಿಂದ ಕೊರೆಯುವ ಅಪರೂಪದ ಕಾಯಿಲೆ. ಒಂದೇ ಮೂಳೆಯಲ್ಲಿದ್ದರೆ ಎಷ್ಟೋ ಮಕ್ಕಳಲ್ಲಿ ತಾನಾಗಿ ಅಡಗುತ್ತದೆ. ಬೆನ್ನಿಗೆ ಆಸರೆಯ ಕವಚ ಹಾಕಿ, ಮತ್ತೆ ಮತ್ತೆ ನೋಡುತ್ತಿರಬೇಕು.

"ಇದನ್ನ ನಂಬ್ಲಾ?" ಎಂದರು ತಂದೆ.

ವೈದ್ಯೆ ಈ ಸಲ ಸೂಜಿ ಹಾಕುವಾಗಿನ ಎಕ್ಸರೇಯನ್ನು ಬೆಳಕಿಗೆ ಹಿಡಿದರು. ತಂದೆ ಸೊಂಟದ ಆರು ಮೂಳೆಗಳಲ್ಲಿ ಮೇಲಿನಿಂದ ಮೂರು ಎಣಿಸಿದರು, ಕೆಳಗಿನಿಂದ ನಾಲ್ಕು ಎಣಿಸಿದರು. ಎರಡು ಸಲವೂ ಬೆರಳು ಸೂಜಿಯ ಮೊನೆಯ ಬಳಿಯೇ ನಿಂತಿತು. ಆಮೇಲೆ, ಕವಚಕ್ಕೆ ಅಳತೆ ಕೊಡಿಸಲು ಮಗಳನ್ನು ಎತ್ತಿಕೊಂಡು ಬಂದರು.