ದೋಸೆ ಕುದುರೆ

ಕೊನೆಯ ಮಾಮೂಲಿ ದಿನ ಒಂದು ಶುಕ್ರವಾರ. ಅರಬರ ನಾಡಿನ ಬುಸೈತೀನಿನಲ್ಲಿದ್ದ ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ನನ್ನ ಗಂಡ ಕುಚ್ಚಲಕ್ಕಿಯ ಚೀಲ ಹೊತ್ತು ನಾಲ್ಕು ಮಹಡಿ ಹತ್ತಿ ಬಂದು ಹೊರಗಿನಿಂದಲೇ ಕೂಗಿದರು.

"ದೋಸೆ ಕುದುರೆ ಬಂತು, ಬಾಗಿಲು ತೆಗಿ ಮಾರಾಯ್ತಿ."

"ಕುದುರೆಗೆ ಬೆಲ್ ಒತ್ತಲಿಕ್ಕೆ ಎಂತ ಕಷ್ಟ?"

"ಕೈ ಇಲ್ಲ, ನಾಲ್ಕೂ ಕಾಲೇ."

ಈ ಹೆಸರು ಬಂದದ್ದು ಅವರ ವರ್ಕ್‌ಶಾಪಿನಿಂದ. ಇವರು ಅಲ್ಲಿ ವೆಲ್ಡರ್. ಮೇಲಧಿಕಾರಿ ಜಪಾನಿನವರು, ಉತ್ತರದ ಹಿಮ ಬೀಳುವ ದ್ವೀಪದವರು. ಐದಡಿ ಎರಡಿಂಚಿನ ಇವರು ಒಬ್ಬರೇ ದೊಡ್ಡ ವಾಲ್ವ್ ಎತ್ತಿಟ್ಟದ್ದನ್ನು ನೋಡಿ ಆ ಸಾಹೇಬರು "ದೋಸಾಂಕೋ!" ಎಂದು ಚಪ್ಪಾಳೆ ತಟ್ಟಿದರಂತೆ.

ಇವರು ಸಂಜೆ ಬಂದು ಹೇಳಿದರು, "ಪಾಪ, ದೋಸೆ ಕೇಳ್ತಾರೆ. ಅವರೂ ಊರು ಬಿಟ್ಟವರಲ್ವಾ."

ಮರುದಿನ ಬೇಗ ಎದ್ದು ನೀರುದೋಸೆ ಹೊಯ್ದೆ, ಕೋಳಿ ಸಾರೂ ಮಾಡಿದೆ. ಸಾಹೇಬರು ಡಬ್ಬಿ ಖಾಲಿ ಮಾಡಿ ಮತ್ತೆ "ದೋಸಾಂಕೋ" ಎಂದರು. ಹೀಗೆ ಒಂದು ತಿಂಗಳು ನಡೆಯಿತು. ಹಾಗೆಂದಾಗಲೆಲ್ಲ ದೋಸೆ ಕೊಡುವುದು ನಮ್ಮ ಕಡೆಯ ಏನೋ ಪದ್ಧತಿ ಎಂದು ಸಾಹೇಬರು ತಿಳಿದಿದ್ದರು.

ಕೊನೆಗೊಂದು ದಿನ ಅವರು ಫೋನಿನಲ್ಲಿ ಚಿತ್ರ ತೋರಿಸಿದರು. ಮೊಣಕಾಲಿನವರೆಗೆ ಹಿಮ, ಅದರಲ್ಲಿ ಗಿಡ್ಡ ಕಾಲಿನ, ದಪ್ಪ ಕುತ್ತಿಗೆಯ, ಜಡೆಗಟ್ಟಿದ ಕೂದಲಿನ ಕುದುರೆ. ಅವರ ಊರಿನ ತಳಿಯಂತೆ, ಹೆಸರೇ ದೋಸಾಂಕೋ. ಭಾರ ಹೊರುವುದರಲ್ಲಿ ಗಟ್ಟಿ. ಚಳಿಗಾಲದಲ್ಲಿ ಹೊರಗೆ ಬಿಟ್ಟರೂ ಹಿಮ ಕೆದಕಿ ಬಿದಿರೆಲೆ ತಿಂದು ಬದುಕುತ್ತದಂತೆ.

"ನಿನ್ನ ಗಂಡ ಕುದುರೆಯಂತೆ," ಎಂದು ಇವರು ಎದೆಯುಬ್ಬಿಸಿ ಬಂದರು.

"ಅರಬರ ಕುದುರೆ ಅಲ್ಲ ತಾನೇ?"

"ಅಲ್ಲ, ಗಿಡ್ಡ ಜಾತಿ."

"ಹಾಗಾದ್ರೆ ಅಳತೆ ಸರಿ ಉಂಟು."

ಆ ಶುಕ್ರವಾರದ ಮರುದಿನ ಬೆಳಿಗ್ಗೆ ಇವರು ಮುಖ ತೊಳೆಯಲು ಹೋಗಿ ಅಲ್ಲೇ ಕುಸಿದರು. ಆಂಬುಲೆನ್ಸ್ ಬರುವುದರೊಳಗೆ ಮುಗಿದಿತ್ತು.

ಸಾಹೇಬರು ಮನೆಗೆ ಬಂದರು. ಕೈಮುಗಿದು ಕುಳಿತು "ದೋಸಾಂಕೋ" ಎಂದರು. ನಾನು ಎದ್ದು ಹೋಗಿ ಫ್ರಿಜ್ಜಿನಲ್ಲಿ ಹಿಟ್ಟು ಉಂಟಾ ಎಂದು ನೋಡಿದೆ. ಆಮೇಲೆ ಅಲ್ಲಿಯೇ ನಿಂತು ಅತ್ತೆ.

ಇವರಿಗೆ ವಾಯ್ಸ್ ಮೆಸೇಜ್ ಎಂದರೆ ಆಗುತ್ತಿರಲಿಲ್ಲ. "ಗೋಡೆ ಹತ್ರ ಮಾತಾಡಿದ ಹಾಗೆ," ಎನ್ನುತ್ತಿದ್ದರು. ಹಾಗಾಗಿ ಇವರ ಫೋನಿನಲ್ಲಿ ಹುಡುಕಿದರೆ ಪೈಪುಗಳ ಫೋಟೋ ಮಾತ್ರ. ಆದರೆ ವರ್ಕ್‌ಶಾಪಿನಲ್ಲಿ ಒಮ್ಮೆ ಇವರು ಕುದುರೆಯ ಹಾಗೆ ಕೆನೆದು, ನಕ್ಕು, ಏನೋ ಮಾತಾಡಿದ್ದನ್ನು ಸಾಹೇಬರು ವಿಡಿಯೋ ಮಾಡಿದ್ದರು. ಅದನ್ನು ಕೊಡಿ ಎಂದು ಕೇಳಿದೆ. ಅದು ಹಳೆಯ ಫೋನಿನಲ್ಲಿತ್ತು, ಫೋನನ್ನು ರಜೆಯಲ್ಲಿ ಹೋದಾಗ ಜಪಾನಿನ ಮನೆಯಲ್ಲಿ ಬಿಟ್ಟು ಬಂದಿದ್ದರು. ವರ್ಗವಾಗಿ ಊರಿಗೆ ಹೋದ ಕೂಡಲೇ ಹುಡುಕುತ್ತೇನೆ ಎಂದರು.

ಮೊನ್ನೆ ಅವರ ಮೆಸೇಜ್ ಬಂತು. ಹಳೆಯ ಫೋನ್ ಆನ್ ಆಗಲೇ ಇಲ್ಲವಂತೆ. ಕ್ಷಮೆ ಕೇಳಿ, ಬದಲಿಗೆ ತಮ್ಮೂರಿನ ಕುದುರೆಯ ವಿಡಿಯೋ ಕಳಿಸಿದ್ದರು. ಅದು ಹಿಮದಲ್ಲಿ ಸುಮ್ಮನೆ ನಿಂತಿತ್ತು. ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ನಿಮಗಿಂತ ಚಂದ ಉಂಟು," ಎಂದೆ ನಾನು ಇವರಿಗೆ, ಜೋರಾಗಿಯೇ.

ಇವರ ಧ್ವನಿ ನನ್ನ ಬಳಿ ಎಲ್ಲಿಯೂ ಇಲ್ಲ.