ಅಣ್ಣನಿಗೆ ಒಂದು ಹನಿ

ನಮ್ಮಪ್ಪ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಆದರೂ ಚೆನ್ನೈಯ ಪುರಸೈವಾಕ್ಕಂನ ಹೋಟೆಲಿನವರು ಅವರನ್ನು ಕುಡುಕನೆಂದು ಕೆಲಸದಿಂದ ಬಿಡಿಸಿದರು. ಸಾಂಬಾರಿನ ಬಕೆಟ್ ಹಿಡಿದ ಕೈ ನಡುಗುತ್ತಿತ್ತು, ನಡೆಯುವಾಗ ಮೇಜಿಗೆ ಬಡಿದುಕೊಳ್ಳುತ್ತಿದ್ದರು, ನಾಲಿಗೆ ತೊದಲುತ್ತಿತ್ತು. "ಕಾಲೈಲೆಯೇ ತಣ್ಣಿಯಾ?" ಎಂದು ಗಿರಾಕಿಗಳು ಕೇಳುತ್ತಿದ್ದರು, ಬೆಳಗಾಗುತ್ತಲೇ ಕುಡಿದು ಬಂದೆಯಾ ಅಂತ. ಅಪ್ಪ ಸತ್ತು ಎಷ್ಟೋ ವರ್ಷಗಳ ಮೇಲೆ, ಇನ್ನೊಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಅಣ್ಣನ ಕೈಯೂ ನಡುಗತೊಡಗಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಕಾಯಿಲೆಯ ಹೆಸರು ಹೇಳಿದರು. ಕಿರುಮೆದುಳು ಸವೆಯುತ್ತ ಹೋಗುವ, ವಂಶದಲ್ಲಿ ಇಳಿದು ಬರುವ ಕಾಯಿಲೆ. ಔಷಧಿ ಇಲ್ಲ. ಅಪ್ಪನ ಮೇಲಿದ್ದ ಅಪವಾದವೇನೋ ಹೀಗೆ ತೊಳೆದುಹೋಯಿತು, ಆದರೆ ಅದನ್ನು ಕೇಳಿಸಿಕೊಳ್ಳಲು ಅಪ್ಪ ಇರಲಿಲ್ಲ.

ನಾನು ಆಗ ಇದೇ ಚೆನ್ನೈಯ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಡಿಎನ್ಎಯ ಎರಡು ಎಳೆ ಹೆಣೆದುಕೊಂಡರೆ ಸುರುಳಿ ನೀಳವಾಗಿರುತ್ತದೆ. ಆರ್‌ಎನ್ಎಯ ಎರಡು ಎಳೆ ಹೆಣೆದುಕೊಂಡರೆ ಗಿಡ್ಡ, ದಪ್ಪ. ಒಂದು ಎಳೆ ಅದರದು, ಇನ್ನೊಂದು ಇದರದು ಆದರೆ? ಅತ್ತ ಅಪ್ಪನಂತೆಯೂ ಅಲ್ಲ, ಇತ್ತ ಅಮ್ಮನಂತೆಯೂ ಅಲ್ಲ ಎನ್ನುವಂಥ ಬೆರಕೆ ಸುರುಳಿ. ಅದರ ಮೈಮಾಟ ಅಳೆಯುವುದು ನನ್ನ ಕೆಲಸ. ಅದಕ್ಕೆ ಮೊದಲು ಅದನ್ನು ಹರಳುಗಟ್ಟಿಸಬೇಕು, ಆ ಹರಳಿನ ಮೇಲೆ ಎಕ್ಸ್-ರೇ ಹಾಯಿಸಬೇಕು. ಗಾಜಿನ ಬಿಲ್ಲೆಯ ಅಡಿಯಲ್ಲಿ ತಲೆಕೆಳಗಾಗಿ ನೇತಾಡುವ ಒಂದು ಹನಿಯೊಳಗೆ ಹರಳು ಮನಸ್ಸು ಬಂದರೆ ಬೆಳೆಯುತ್ತದೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಕಾಯಿಸಿ ಕೈ ಕೊಡುತ್ತದೆ. ನನ್ನಂಥ ಮುಂಗೋಪಿ ಈ ಕೆಲಸಕ್ಕೆ ಹೇಗೆ ಬಿದ್ದೆನೋ ದೇವರೇ ಬಲ್ಲ.

ಒಂದು ಭಾನುವಾರ, ತುಳುಕದಿರಲೆಂದು ಅಮ್ಮ ಅರ್ಧವೇ ತುಂಬಿ ಕೊಟ್ಟ ಕಾಫಿ ಲೋಟ ಹಿಡಿದುಕೊಂಡು ಅಣ್ಣ ಕೇಳಿದ, "ನಿನ್ನ ಈ ಬೆರಕೆ ಸುರುಳಿಯಿಂದ ಲೋಕಕ್ಕೆ ಎಂತ ಉಪಕಾರ ಮಾರಾಯ್ತಿ?" ಮಾತು ಆಗಲೇ ಎಳೆದೆಳೆದು ಬರುತ್ತಿತ್ತು, ಕೀಟಲೆ ಮಾತ್ರ ಕಡಿಮೆಯಾಗಿರಲಿಲ್ಲ. ನಾನು ವಿವರಿಸಿದೆ. ಡಿಎನ್ಎ ಮೂಲಪ್ರತಿ, ಆರ್‌ಎನ್ಎ ಅದರ ನಕಲು. ನಕಲು ನೋಡಿಕೊಂಡು ಜೀವಕೋಶ ಕೆಲಸ ಮಾಡುತ್ತದೆ. ಕೆಟ್ಟ ನಕಲಿಗೆ ಹೊಂದುವ ಡಿಎನ್ಎ ತುಂಡೊಂದನ್ನು ಹೊರಗಿನಿಂದ ಕಳಿಸಿದರೆ ಎರಡೂ ಹೆಣೆದುಕೊಳ್ಳುತ್ತವೆ. ಅಂಥ ಬೆರಕೆಯನ್ನು ಕಂಡರಾಗದ ಕಿಣ್ವವೊಂದು ನಮ್ಮ ಮೈಯೊಳಗೇ ಇದೆ. ಅದು ಸುರುಳಿಯ ಆಕಾರದಿಂದಲೇ ಗುರುತು ಹಿಡಿದು, ಆರ್‌ಎನ್ಎ ಎಳೆಯನ್ನು ಮಾತ್ರ ಕತ್ತರಿಸಿ ಹಾಕುತ್ತದೆ.

"ಅಂದ್ರೆ ನನ್ನ ಕೆಟ್ಟ ನಕಲನ್ನೂ ಕತ್ತರಿಸಬಹುದು?"

"ಮುಂದೆ ಯಾವತ್ತಾದ್ರೂ, ಬೇರೆ ಯಾರಾದ್ರೂ. ನಾನು ನೋಡುವುದು ಆಕಾರ ಮಾತ್ರ ಅಣ್ಣ."

"ಸರಿ ಬಿಡು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ," ಎಂದು ನಕ್ಕ.

ಪಕ್ಕದಲ್ಲಿ ಬಸಳೆ ಸೊಪ್ಪು ಬಿಡಿಸುತ್ತಿದ್ದ ಅಮ್ಮ ನಗಲಿಲ್ಲ. ಅಷ್ಟೂ ಮಾತಿನಲ್ಲಿ ಅವಳು ಹಿಡಿದಿಟ್ಟುಕೊಂಡದ್ದು ಒಂದೇ: ಮಗಳ ಹತ್ತಿರ ಕೆಟ್ಟದ್ದನ್ನು ಕತ್ತರಿಸುವ ಮದ್ದಿದೆ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಇದು ಗೊತ್ತಾದದ್ದು ನನಗೆ ಆಮೇಲೆ.

ನಮ್ಮ ಸಂಸ್ಥೆಯಲ್ಲಿ ವರ್ಷಕ್ಕೊಂದು ದಿನ ಸಾರ್ವಜನಿಕರನ್ನು ಒಳಗೆ ಬಿಡುತ್ತಾರೆ. ಆ ದಿನ ಅಮ್ಮ ಅಣ್ಣನನ್ನು ಆಟೋದಲ್ಲಿ ಕೂರಿಸಿಕೊಂಡು ಹೇಳದೆ ಕೇಳದೆ ಬಂದುಬಿಟ್ಟಳು. ಗೇಟಿನಿಂದ ಫೋನ್ ಬಂತೆಂದು ಓಡಿದರೆ, ಕಾವಲುಗಾರ ಅಣ್ಣನ ಮುಖಕ್ಕೆ ಮೂಗು ತಂದು ವಾಸನೆ ನೋಡುತ್ತಿದ್ದ. ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು ನನಗೆ. ಅಣ್ಣ ಮಾತ್ರ ಬಾಯಿ ಇನ್ನಷ್ಟು ಅಗಲಿಸಿ, "ನಲ್ಲಾ ಪಾರುಂಗ ಸಾರ್, ಇಡ್ಲಿ ವಾಸನೈದಾನ್," ಎಂದ, ಚೆನ್ನಾಗಿ ನೋಡಿ ಸಾರ್, ಬರೀ ಇಡ್ಲಿ ವಾಸನೆ ಅಂತ.

ಅವನನ್ನು ಹಿಡಿದುಕೊಂಡು ಪ್ರಯೋಗಾಲಯಕ್ಕೆ ಕರೆತಂದೆ. ಊಟದ ಹೊತ್ತಾಗಿದ್ದರಿಂದ ಒಳಗೆ ಬೇರೆ ಯಾರೂ ಇರಲಿಲ್ಲ. ಕೈಗೆ ಗ್ಲೌಸ್ ಹಾಕಿಕೊಂಡು ಹನಿಗಳ ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಅಣ್ಣನ ತಲೆ ಒಂದೆಡೆ ನಿಲ್ಲದೆ ಅವನಿಗೆ ಏನೂ ಕಾಣಲಿಲ್ಲ. ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಚೀಲದಿಂದ ದೇವಸ್ಥಾನದ ತೀರ್ಥ ತರುವ ಸಣ್ಣ ಬಾಟಲಿ ತೆಗೆದಳು. ತೊಳೆದು ಒಣಗಿಸಿ ತಂದಿದ್ದಳು.

"ಅವನಿಗೆ ಒಂದು ಹನಿ ಕೊಡು. ಇಷ್ಟೆಲ್ಲ ಉಂಟಲ್ಲ, ಒಂದು ಹೋದ್ರೆ ಯಾರಿಗೆ ಗೊತ್ತಾಗ್ತದೆ?"

"ಅದು ಮದ್ದಲ್ಲ ಅಮ್ಮ."

"ಪೂರ್ತಿ ಆಗದಿದ್ರೂ ಅಡ್ಡಿಯಿಲ್ಲ. ಆದಷ್ಟು ಕೊಡು."

"ಅದರಲ್ಲಿ ಪಾಷಾಣ ಉಂಟು!"

ಸುಳ್ಳಲ್ಲ. ಹರಳು ಕಟ್ಟಲೆಂದು ಆ ಹನಿಗೆ ಬೆರೆಸುವ ಲವಣಗಳಲ್ಲಿ ಒಂದು ಪಾಷಾಣದ್ದೇ. ಒಳಗಿದ್ದ ಸುರುಳಿಗೂ ಅಣ್ಣನ ಕಾಯಿಲೆಗೂ ಸುತರಾಂ ಸಂಬಂಧವಿರಲಿಲ್ಲ. ಅದನ್ನೂ ಹೇಳಿದೆ. ಈ ಕೋಣೆಯಲ್ಲಿ ಯಾರಿಗೂ ಏನೂ ವಾಸಿಯಾಗುವುದಿಲ್ಲ ಎಂದೆ, ದನಿ ಏರಿಸಿಯೇ ಎಂದೆ.

ಅಮ್ಮನ ಮುಖ ಕಪ್ಪಿಟ್ಟಿತು. "ಹಾಗಾದ್ರೆ ಅವನು ಓದು ಬಿಟ್ಟು ಗಲ್ಲಾದಲ್ಲಿ ಕೂತು ನಿನ್ನನ್ನು ಓದಿಸಿದ್ದು ಎಂತಕ್ಕೆ? ಒಡಹುಟ್ಟಿದವನಿಗೆ ಆಗದವಳು ಇನ್ನು ಯಾರಿಗೆ ಆಗ್ತೀ?"

ಆ ಪ್ರಶ್ನೆಯನ್ನು ನಾನೇ ನನಗೆ ಕೇಳಿಕೊಳ್ಳದ ದಿನವಿರಲಿಲ್ಲ. ಅಮ್ಮನ ಬಾಯಲ್ಲಿ ಕೇಳಿದಾಗ ತುಂಬ ನೋವಾಯಿತು.

ಸ್ಟೂಲಿನ ಮೇಲೆ ಕೂತಿದ್ದ ಅಣ್ಣ ಒಂದೊಂದೇ ಶಬ್ದ ಹೆಕ್ಕಿ ಹೇಳಿದ, "ಸಾಕಮ್ಮ. ಬೈಬೇಡ ಅವಳಿಗೆ. ಅವಳೂ ಅಪ್ಪನ ಮಗಳೇ ಅಲ್ವಾ?"

ಅಪ್ಪನಿಂದ ಗಂಡುಮಕ್ಕಳಿಗೆ ಮಾತ್ರ ಇಳಿಯುವ ಕಾಯಿಲೆ ಇದು ಎಂದು ಅಮ್ಮ ತಿಳಿದಿದ್ದಳು. ನಾವಿಬ್ಬರೂ ತಿದ್ದಲು ಹೋಗಿರಲಿಲ್ಲ. ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ ಎಂದು ಡಾಕ್ಟರು ನಮಗೆ ಹೇಳಿದ್ದರು. ನಾನು ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಹೆದರಿಕೆ, ಬೇರೇನಲ್ಲ. ಈಗಲೂ ಮಾಡಿಸಿಕೊಂಡಿಲ್ಲ.

ಅಮ್ಮ ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು. ಬಾಟಲಿಯನ್ನು ಚೀಲಕ್ಕೆ ಹಾಕಿ ಹತ್ತಿರ ಬಂದಳು.

"ಗ್ಲೌಸ್ ತೆಗಿ. ಕೈ ಚಾಚು."

ಚಾಚಿದೆ. ನನ್ನ ಬೆರಳುಗಳನ್ನೇ ನೋಡುತ್ತ ನಿಂತಳು. ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿದೆ. ಏನು ಕಂಡಳೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಣ್ಣನನ್ನು ಎಬ್ಬಿಸಿಕೊಂಡು ಹೊರಟಳು.

ಮರುದಿನದಿಂದ ಅಮ್ಮ ನನಗೂ ಅಣ್ಣನಿಗೆ ಕೊಡುವ ಹಾಗೆ ಅರ್ಧ ಲೋಟ ಕಾಫಿಯನ್ನೇ ಕೊಡುತ್ತಾಳೆ.