ಒಳಗೆ ಬಿಟ್ಟ ಒಂದಿಂಚು

ಚೀಟಿಯಲ್ಲಿದ್ದದ್ದು ಮೂರೇ ಸಾಲು. ಮೂವತ್ತು ವರ್ಷದಿಂದ ಬೀದಿಯವರ ಮೈಯಳತೆಯನ್ನೆಲ್ಲ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಟೇಲರಮ್ಮನಿಗೆ ಆ ಮೂರು ಸಾಲು ಮಾತ್ರ ತಲೆಗೆ ಹತ್ತಲೊಲ್ಲವು. ‘ಹೊಟ್ಟೆ ತುಂಬ ಉಂಡು ಬರಬೇಡಿ. ನೋವಿನ ಮಾತ್ರೆ ನುಂಗಿದ್ದರೆ ತಿಳಿಸಿ. ಹೆಗಲು ತೆರೆಯುವಂಥ ಸಡಿಲ ಬಟ್ಟೆ ಹಾಕಿಕೊಳ್ಳಿ.’ ಫಿಸಿಯೋಥೆರಪಿ ನಾಳೆ ಬೆಳಿಗ್ಗೆ ಹತ್ತಕ್ಕೆ.

“ಹೊಟ್ಟೆ ತುಂಬ ಬೇಡ ಅಂದ್ರೆ ಅರ್ಧ ಹೊಟ್ಟೆನಾ, ಉಪವಾಸನಾ?” ಎಂದು ಗಂಡನನ್ನು ಕೇಳಿದಳು.

ಗಂಡ ಗೋಡೆಗೆ ಬಣ್ಣ ಬಳಿಯುವವನು. “ಬರೆದೋರನ್ನ ಕೇಳು. ನಾನೇನು ಬರೆದ್ನಾ?” ಎಂದ.

“ಮಾತ್ರೆ ನುಂಗಿದ್ರೆ ಹೇಳಿ ಅಂತಾರೆ, ನುಂಗಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ನುಂಗಿದ್ರೆ ಅವರ ಕೈಗೆ ನೋವು ಸಿಗಲ್ಲ. ನುಂಗದಿದ್ರೆ ನಾನು ಕಿರುಚಿ ಮಾನ ಕಳ್ಕೋತೀನಿ.”

ಇದರ ಮೇಲೆ ನಾದಿನಿಯ ಫೋನು. ಮೊದಲ ಸಲ, ಬಿಸಿ ಎಣ್ಣೆ ಹಚ್ಚಿಕೊಂಡೇ ಹೋಗಬೇಕು ಅಂದಳು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ, ಅಯ್ಯೋ ಎಣ್ಣೆ ಮುಟ್ಟಲೇಬೇಡ ಅತ್ತಿಗೆ, ಮುಟ್ಟೋರ ಕೈ ಜಾರುತ್ತಂತೆ ಅಂದಳು. ಟೇಲರಮ್ಮ ಎಣ್ಣೆಯ ಬಟ್ಟಲನ್ನು ಒಲೆಯ ಮೇಲೆ ಇಡುವುದು, ಇಳಿಸುವುದು, ಇದನ್ನೇ ಮಾಡುತ್ತ ನಿಂತಳು.

ನಿಜ ಹೇಳಬೇಕೆಂದರೆ ಅವಳ ಚಿಂತೆ ಎಣ್ಣೆಯದೂ ಅಲ್ಲ, ಮಾತ್ರೆಯದೂ ಅಲ್ಲ. ಮೂರು ತಿಂಗಳಿಂದ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಮೇಜಿನ ಆಚೆ ತುದಿಯವರೆಗೆ ಕತ್ತರಿ ಓಡಿಸಲು ಆಗುತ್ತಿರಲಿಲ್ಲ. ಹೊಲಿಯುವವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ, ಅಳತೆಗೆ ತಕ್ಕಂತೆ ಕತ್ತರಿಸುವವರು ಅಪರೂಪ. ನಾಳೆ ಆ ಫಿಸಿಯೋ ಮೇಡಂ ಹೆಗಲು ಮುಟ್ಟಿ ನೋಡಿ, ‘ಇನ್ನು ಕತ್ತರಿ ಮರೆತುಬಿಡಿ’ ಅಂದುಬಿಟ್ಟರೆ? ಆ ಯೋಚನೆ ಬಂದಾಗಲೆಲ್ಲ ಅವಳು ಎಣ್ಣೆಯ ಬಟ್ಟಲನ್ನು ಮತ್ತೆ ಒಲೆಗೆ ಏರಿಸುತ್ತಿದ್ದಳು.

ಮಧ್ಯಾಹ್ನ ಬೀರು ತೆಗೆದರೆ ಹೆಗಲು ತೆರೆಯುವಂಥದ್ದು ಒಂದೂ ಇಲ್ಲ. ಲೋಕಕ್ಕೆಲ್ಲ ಹೊಲಿದವಳ ಬೀರುವಿನ ಗತಿ ಇದು! ಹೊಸ ರವಿಕೆಯೊಂದನ್ನು ಹೊಲಿಯುವುದೇ ಸೈ ಎಂದುಕೊಂಡಳು. ಅಳತೆ ಪುಸ್ತಕ ತಿರುವಿದರೆ ಅದರಲ್ಲಿ ಎಲ್ಲರೂ ಇದ್ದರು, ಅವಳೊಬ್ಬಳು ಇರಲಿಲ್ಲ.

“ರೀ, ಟೇಪು ಹಿಡೀರಿ. ಹೆಗಲಿಂದ ಸೊಂಟಕ್ಕೆ. ಎರಡೂ ಕಡೆ.”

ಅವನು ಎಡಕ್ಕೆ ಹದಿನಾರು ಅಂದ. ಬಲಕ್ಕೆ ಹದಿನೈದು ಅಂದ.

“ಸರಿಯಾಗಿ ಹಿಡೀರಿ. ಇದು ಗೋಡೆ ಅಲ್ಲ.”

ಮತ್ತೆ ಹಿಡಿದ. ಮತ್ತೆ ಹದಿನೈದೇ. ಮೂರನೆಯ ಸಲ ಅವಳೇ ಕನ್ನಡಿಯ ಮುಂದೆ ನಿಂತು, ಟೇಪಿನ ಮೇಲೆ ಕಣ್ಣಿಟ್ಟಳು. ಬಲಹೆಗಲು ಒಂದಿಂಚು ಕುಸಿದಿತ್ತು. ಬಂದವರಿಗೆಲ್ಲ ‘ನೆಟ್ಟಗೆ ನಿಂತ್ಕೊಳ್ಳಿ’ ಎಂದು ಗದರುತ್ತಿದ್ದವಳಿಗೆ ತನ್ನ ಹೆಗಲು ಯಾವಾಗ ಇಳಿಯಿತೆಂಬುದೇ ಗೊತ್ತಾಗಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂಬುದು ತಿಳಿಯಲಿಲ್ಲ.

ಎಡಗೈಯಲ್ಲೇ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಯನ್ನು ಗಂಡನ ಕೈಗೆ ಕೊಟ್ಟಳು. ಬೇರೆಯವರ ಕೈಗೆ ಆ ಕತ್ತರಿ ಹೋದದ್ದು ಅದೇ ಮೊದಲು.

“ಬಲಹೆಗಲಲ್ಲಿ ಒಳಗೆ ಎಷ್ಟು ಬಟ್ಟೆ ಬಿಡ್ಲಿ?” ಎಂದ ಅವನು.

ಬೆಳೆಯುವ ಮಕ್ಕಳ ಬಟ್ಟೆಗೆ ಅವಳು ಕೇಳದೆಯೇ ಒಳಗೆ ಬಿಡುತ್ತಿದ್ದಳು. ಆಮೇಲೆ ಬಿಚ್ಚಿ ದೊಡ್ಡದು ಮಾಡಬೇಕಲ್ಲ. ಇಲ್ಲಿ ಬಿಡುವುದೆಂದರೆ ಹೆಗಲು ಮತ್ತೆ ಮೇಲೇರುತ್ತದೆ ಅಂದುಕೊಂಡ ಹಾಗೆ. ಏರದಿದ್ದರೆ? 

“ಏನೂ ಬಿಡಬೇಡಿ. ಗೆರೆ ಮೇಲೇ ಕತ್ತರಿಸಿ,” ಎಂದು ಹೇಳಿ ಎಣ್ಣೆಯ ಬಟ್ಟಲನ್ನು ಮತ್ತೆ ಇಳಿಸಲು ಒಳಗೆ ಹೋದಳು.

ಬಂದು ಯಂತ್ರದ ಮುಂದೆ ಕೂತಾಗ ಬೆರಳಿಗೇ ತಿಳಿಯಿತು. ಬಲಹೆಗಲಿನಲ್ಲಿ ಗೆರೆ ದಾಟಿ ಒಂದಿಂಚು ಬಟ್ಟೆ ಉಳಿದಿತ್ತು.

“ಇದೇನ್ರೀ ಇದು?”

“ಬಣ್ಣದವನ ಕೈ. ಆಚೀಚೆ ಆಗುತ್ತೆ,” ಎಂದ ಅವನು, ಅವಳ ಮುಖ ನೋಡದೆ. “ಬೇಡ ಅಂದ್ರೆ ಕತ್ತರಿಸಿಬಿಡ್ತೀನಿ. ಕೊಡು.”

ಎಡಹೆಗಲಿನಲ್ಲಿ ಅವನು ಗೆರೆಯಿಂದ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವಳು ಬಟ್ಟೆ ಕೊಡಲಿಲ್ಲ. ಉಳಿದ ಒಂದಿಂಚನ್ನು ಒಳಕ್ಕೆ ಮಡಿಸಿ, ಹೆಗಲು ತೆರೆಯುವಂತೆ ಮೇಲೆ ಒತ್ತುವ ಟಿಚ್ ಬಟನ್ ಇಟ್ಟು ಹೊಲಿದಳು.

ಬೆಳಿಗ್ಗೆ ಅರ್ಧ ಹೊಟ್ಟೆ ಉಂಡಳು, ಅರ್ಧ ಮಾತ್ರೆ ನುಂಗಿದಳು. ಎಣ್ಣೆ ಬಟ್ಟಲಲ್ಲೇ ಉಳಿಯಿತು.

ಫಿಸಿಯೋಥೆರಪಿ ಕೋಣೆಯಲ್ಲೊಂದು ಎತ್ತರದ ಮಂಚ, ಗೋಡೆಗೆ ಕೈ ತಿರುಗಿಸುವ ಚಕ್ರ. ಫಿಸಿಯೋ ಮೇಡಂ ಟೇಲರಮ್ಮನಿಗೆ ಮಗಳಾಗುವ ವಯಸ್ಸಿನವಳು.

“ಮಾತ್ರೆ ತಗೊಂಡಿದೀರಾ ಅಮ್ಮ?”

“ಅರ್ಧ.”

ಆ ಹುಡುಗಿ ನಕ್ಕು, ಗುಂಡಿ ಬಿಚ್ಚಿ ಹೆಗಲ ಮೇಲೆ ಕೈಯಿಟ್ಟಳು. ಮೂವತ್ತು ವರ್ಷ ಎಲ್ಲರ ಹೆಗಲು ಮುಟ್ಟಿದವಳಿಗೆ ತನ್ನ ಹೆಗಲು ಮುಟ್ಟಿಸಿಕೊಂಡು ಹೇಗೆ ಕೂರಬೇಕೆಂದು ತಿಳಿಯಲಿಲ್ಲ. ಬೆರಳುಗಳು ಒಂದು ಕಡೆ ನಿಂತವು.

“ಇಲ್ಲಿ ಬಟ್ಟೆ ಯಾಕಿಷ್ಟು ದಪ್ಪ?”

ಟೇಲರಮ್ಮ ಬಾಗಿಲಾಚೆ ನೋಡಿದಳು. ಬೆಂಚಿನ ಮೇಲೆ ಗಂಡ ಉಗುರಿನ ಬಣ್ಣ ಕೆರೆಯುತ್ತ ಕೂತಿದ್ದ.

“ಒಳಗೆ ಒಂದಿಂಚು ಬಿಟ್ಟಿದೆ. ಹೆಗಲು ಮೇಲೆ ಬಂದಾಗ ಬಿಚ್ಚಿ ಹೊಲಿಯೋಕೆ.”

“ನೀವೇ ಕತ್ತರಿಸಿದ್ದಾ?”

“ನಮ್ಮ ಮನೆಯವರು. ಗೆರೆ ಮೇಲೆ ಕತ್ತರಿಸೋಕೂ ಬರಲ್ಲ ಅವರಿಗೆ,” ಎಂದಳು ಟೇಲರಮ್ಮ. “ಮುಂದಿನದು ನಾನೇ ಕತ್ತರಿಸ್ತೀನಿ.”

ಅಂದ ಮೇಲೆ ತನ್ನ ಮಾತು ಕೇಳಿ ಅವಳಿಗೇ ಗಾಬರಿಯಾಯಿತು.